ಬೀಗ ಹಾಕಿದ ಮನೆಗಳನ್ನೂ ಲೆಕ್ಕಕ್ಕೆ ತಗೊಳ್ಳಿ: ನಮ್ಮ ಮೂರು ಜಿಲ್ಲೆಗಳ ಆರೋಗ್ಯದ ಬಗ್ಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ರಾಜ್ಯದ ಆರೋಗ್ಯ ಇಲಾಖೆಗೆ, ಯಾದಗಿರಿ, ಕಲಬುರಗಿ ಮತ್ತು ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರಿಗೆ,

ನಮಸ್ಕಾರ. ಸುರಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಊರಿನವರಿಗೆ ಈಗಲೂ ‘ಸಿಸ್ಟರ್ ಅಕ್ಕೋರು’. ಈ ಪತ್ರದಲ್ಲಿ ಹೊಸ ದವಾಖಾನೆ ಬೇಕು ಅಂತ ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ಒಂದು ಅಧ್ಯಯನ. ನಮ್ಮ ಮೂರು ಜಿಲ್ಲೆಗಳಲ್ಲಿ ಚಿಕಿತ್ಸೆ ಬೇಕಾಗಿದ್ದೂ ಸಿಗದವರು ಯಾರು, ಯಾಕೆ ಸಿಗಲಿಲ್ಲ ಅನ್ನುವುದನ್ನು ಪ್ರತಿ ವರ್ಷ ಹಳ್ಳಿ ಮಟ್ಟದಲ್ಲಿ, ಲಂಬಾಣಿ ಜನರ ವಸತಿಯಾದ ತಾಂಡಾ ಮಟ್ಟದಲ್ಲಿ ವಿಚಾರಿಸಬೇಕು. ಅದರ ಫಲಿತಾಂಶವನ್ನು ಅದೇ ಊರಿನ ಗ್ರಾಮಸಭೆಯಲ್ಲಿ ಓದಬೇಕು. ಮಂಡಳಿಯ ಆರೋಗ್ಯದ ದುಡ್ಡು ಅದನ್ನು ನೋಡಿಕೊಂಡು ಖರ್ಚಾಗಬೇಕು.

ಅಧ್ಯಯನಗಳಿಗೇನು ಕಡಿಮೆ ಅಂತ ನೀವು ಕೇಳಬಹುದು. ನಿಜ, ಕಡಿಮೆ ಇಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲೇ ಉತ್ತರದ ಜಿಲ್ಲೆಗಳು ಆರೋಗ್ಯದಲ್ಲಿ ಹಿಂದೆ ಬಿದ್ದಿವೆ ಎಂದು ಹೇಳಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ಅದು ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿದ್ದವು. ಮುಂದೆ ಈ ಮೂರು ತಾಲ್ಲೂಕುಗಳೇ ಸೇರಿ ಯಾದಗಿರಿ ಜಿಲ್ಲೆ ಆಯಿತು. ಅಂದರೆ ಹುಟ್ಟುವಾಗಲೇ ಇಡೀ ಜಿಲ್ಲೆ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿತ್ತು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಮಂಡಳಿಗೆ ದುಡ್ಡು ಬಂತು. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲೂ ರಾಯಚೂರಿನ ಜೊತೆ ಯಾದಗಿರಿ ಸೇರಿತು.

ಇಷ್ಟೆಲ್ಲ ಆದರೂ ಈ ಲೆಕ್ಕಗಳು ತಾಲ್ಲೂಕಿನ ತನಕ ಬಂದು ನಿಲ್ಲುತ್ತವೆ. ತಾಲ್ಲೂಕಿನ ಒಳಗೆ ಏನಿದೆ? ಬಸ್ ಬರುವ ದೊಡ್ಡ ಊರು ಬೇರೆ, ಅದರಿಂದ ಒಳಗೆ ಹೊಲದ ದಾರಿಯಲ್ಲಿ ಹೋದರೆ ಸಿಗುವ ತಾಂಡಾ ಬೇರೆ. ಎರಡಕ್ಕೂ ಒಂದೇ ಅಂಕಿ ಹಚ್ಚಿದರೆ ತಾಂಡಾ ಕಾಣುವುದೇ ಇಲ್ಲ.

ರಾಜ್ಯದ ಅಂಕಿಗಳನ್ನೇ ನೋಡಿ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಅನ್ನುವ ಲೆಕ್ಕವನ್ನು ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್ ಕೊಡುತ್ತದೆ. 2018–20ಕ್ಕೆ ಅದು ದೇಶಕ್ಕೆ 97, ಕರ್ನಾಟಕಕ್ಕೆ 69, ಕೇರಳಕ್ಕೆ 19. ದೇಶಕ್ಕಿಂತ ನಾವು ವಾಸಿ ಅಂತ ವಿಧಾನಸೌಧದಲ್ಲಿ ಸಮಾಧಾನ ಪಡಬಹುದು. ಆದರೆ ಎಸ್‌ಆರ್‌ಎಸ್‌ನಿಂದ ತಾಯಿ ಮರಣದ ಅಂಕಿ ಸಿಗುವುದು ರಾಜ್ಯಕ್ಕೆ ಮಾತ್ರ. ಯಾದಗಿರಿಗೆ ಎಷ್ಟು, ಬೀದರಿಗೆ ಎಷ್ಟು ಅಂತ ಅದರಿಂದ ತೆಗೆಯಲು ಬರುವುದಿಲ್ಲ. ಬೆಂಗಳೂರಿನ ತಾಯಿಯೂ ಹುಣಸಗಿಯ ತಾಯಿಯೂ ಆ 69ರಲ್ಲಿ ಒಟ್ಟಿಗೆ ಸೇರಿಹೋಗುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ತನಕ ಇಳಿಯುತ್ತದೆ. ಅದರ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಶೇ 35.4. ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಈ ಒಂದು ಅಂಕಿ ಸಾಕಲ್ವಾ ರಾತ್ರಿ ನಿದ್ದೆ ಕೆಡಲು? ಆದರೆ ಅದು ಜಿಲ್ಲೆಯ ಅಂಕಿ. ಯಾವ ಊರಿನ ಮಕ್ಕಳು, ಯಾವ ಓಣಿಯ ಮಕ್ಕಳು ಅಂತ ಅದು ಹೇಳುವುದಿಲ್ಲ. ಹಾಗಾಗಿ ಅದನ್ನು ಓದಿದ ಅಧಿಕಾರಿಗೆ ನಾಳೆ ಬೆಳಿಗ್ಗೆ ಜೀಪು ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗುವುದಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ರಾಜ್ಯದಲ್ಲಿ ಶೇ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಇದಕ್ಕಾಗಿ ದುಡಿದವರಲ್ಲಿ ನಾನೂ ಒಬ್ಬಳು, ನನ್ನಂಥ ಸಾವಿರಾರು ಎಎನ್‌ಎಂಗಳು, ಆಶಾ ಕಾರ್ಯಕರ್ತೆಯರು ದುಡಿದಿದ್ದಾರೆ. ಸೂಲಗಿತ್ತಿಯರ ಮನವೊಲಿಸಿದೆವು, ಅತ್ತೆಯರ ಜೊತೆ ಜಗಳ ಆಡಿದೆವು. 2008ರಲ್ಲಿ 108 ಅಂಬುಲೆನ್ಸ್ ಬಂದ ಮೇಲೆ ಕೆಲಸ ಎಷ್ಟೋ ಹಗುರಾಯಿತು. ಇದು ಸಣ್ಣ ಸಾಧನೆ ಅಲ್ಲ. ಆದರೆ ಈ ಶೇ 97ರ ಒಳಗೆ ಏನೇನು ಅಡಗಿದೆ ಅಂತಲೂ ನಾನು ನೋಡಿದ್ದೇನೆ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು, ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಸಂಜೆ ಹೊಟ್ಟೆನೋವು ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆದುಕೊಂಡು ಹೋದರು. ಹೆರಿಗೆ ಮುಂದಕ್ಕೆ ಹೋಗುತ್ತಿಲ್ಲ ಅಂತ ನರ್ಸ್ ಸರಿಯಾಗಿಯೇ ಗುರುತಿಸಿ, ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಮಾಡುವ ಡಾಕ್ಟರ್ ಇದ್ದರು, ಅರಿವಳಿಕೆ ಕೊಡುವವರು ಇರಲಿಲ್ಲ. ಮತ್ತೆ ಮುಂದಕ್ಕೆ ಬರೆದುಕೊಟ್ಟರು. ಅಲ್ಲಿ ಒಂದೇ ಟೇಬಲ್, ಅದರ ಮೇಲೆ ಬೇರೆ ಕೇಸು. ಕೊನೆಗೆ ಆಪರೇಷನ್ ಆಗುವಾಗ ಬೆಳಗಾಗಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ವರದಿಯ ಕಾಲಮ್ಮಿನಲ್ಲಿ ಅದು ಆಸ್ಪತ್ರೆ ಹೆರಿಗೆ. ಶೇ 97ರಲ್ಲಿ ಅವಳೂ ಇದ್ದಾಳೆ. ಆ ರಾತ್ರಿ ಯಾರೂ ಕೆಲಸ ತಪ್ಪಿಸಿರಲಿಲ್ಲ. ಎಲ್ಲರೂ ತಮ್ಮ ಕೈಲಾದದ್ದು ಮಾಡಿದರು. ಆದರೂ ಮಗು ಹೋಯಿತು. ಅದಕ್ಕೇ ಇದನ್ನು ಅಧ್ಯಯನ ಮಾಡಬೇಕು ಅನ್ನುತ್ತೇನೆ. ಒಬ್ಬರನ್ನು ಸಸ್ಪೆಂಡ್ ಮಾಡಿದರೆ ಮುಗಿಯುವ ವಿಷಯ ಇದಲ್ಲ.

ಸೆರೀನ್ ಥಡ್ಡಿಯಸ್, ಡೆಬೋರಾ ಮೇನ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಇಂಥ ಸಾವುಗಳ ಹಿಂದೆ ಮೂರು ತಡಗಳನ್ನು ಗುರುತಿಸಿದರು. ದವಾಖಾನೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗುವಲ್ಲಿ ತಡ. ದಾರಿಯಲ್ಲಿ ತಡ. ಮುಟ್ಟಿದ ಮೇಲೆ ಚಿಕಿತ್ಸೆ ಶುರುವಾಗುವಲ್ಲಿ ತಡ. ತರಬೇತಿಯಲ್ಲಿ ಇದನ್ನು ನಮಗೂ ಹೇಳಿಕೊಟ್ಟಿದ್ದರು. ತಾಯಿ ಸತ್ತರೆ ಮನೆಗೆ ಹೋಗಿ ವಿಚಾರಿಸಿ ತುಂಬುವ ಫಾರ್ಮಿನಲ್ಲೂ ಇದೇ ಮೂರು ತಡಗಳ ಪ್ರಶ್ನೆಗಳಿವೆ. ಆ ಫಾರ್ಮು ತಾಲ್ಲೂಕಿಗೆ ಹೋಗುತ್ತದೆ, ಜಿಲ್ಲೆಗೆ ಹೋಗುತ್ತದೆ, ಸಮಿತಿಯ ಮುಂದೆ ಬರುತ್ತದೆ. ಅಲ್ಲಿಂದ ಊರಿಗೆ ಒಂದು ಸಾಲೂ ವಾಪಸ್ ಬಂದದ್ದನ್ನು ನನ್ನ ಸೇವೆಯಲ್ಲಿ ನಾನು ನೋಡಲಿಲ್ಲ. ಯಾವ ತಡದಿಂದ ಹೀಗಾಯಿತು ಅಂತ ಸತ್ತವಳ ತಾಯಿ ನನ್ನನ್ನು ಕೇಳಿದರೆ ನಾನೇನು ಹೇಳಬೇಕಿತ್ತು?

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಇಡೀ ರಾಜ್ಯ ಬೆಚ್ಚಿತು. ಸರ್ಕಾರ ರಾಜ್ಯದ ತಾಯಿ ಮರಣಗಳ ಆಡಿಟ್ ಮಾಡಿಸಿತು. ಅದು ಒಳ್ಳೆಯ ಕೆಲಸ. ಆದರೆ ಒಂದೇ ಕಡೆ ಒಂದೇ ವಾರದಲ್ಲಿ ಸತ್ತರೆ ಸುದ್ದಿ ಆಗುತ್ತದೆ. ವರ್ಷವಿಡೀ ಒಂದೊಂದು ಊರಿನಲ್ಲಿ ಒಬ್ಬೊಬ್ಬಳು ಸತ್ತರೆ ಆಗುವುದಿಲ್ಲ. ಆಡಿಟ್ ಅನ್ನುವುದು ಗದ್ದಲ ಆದಾಗ ಮಾತ್ರ ಮಾಡುವ ಕೆಲಸ ಆಗಬಾರದು.

ಈಗ ದೂರದ ವಿಷಯ. ಸರ್ಕಾರದ ಲೆಕ್ಕದಲ್ಲಿ ದೂರ ಅಂದರೆ ಕಿಲೋಮೀಟರ್. ಬಯಲು ಪ್ರದೇಶದಲ್ಲಿ 5 ಸಾವಿರ ಜನಕ್ಕೆ ಒಂದು ಉಪಕೇಂದ್ರ, 30 ಸಾವಿರಕ್ಕೆ ಒಂದು ಪಿಎಚ್‌ಸಿ, 1.2 ಲಕ್ಷಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಅಂತ ನಿಯಮ ಇದೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕಾದರೆ ಇದು 3 ಸಾವಿರ, 20 ಸಾವಿರ, 80 ಸಾವಿರಕ್ಕೆ ಇಳಿಯುತ್ತದೆ. ನಮ್ಮ ಹೆಂಗಸರ ಲೆಕ್ಕವೇ ಬೇರೆ. ತಪಾಸಣೆಗೆ ಹೋಗಿ ಬಾ ತಂಗೀ ಅಂತ ಎಷ್ಟೋ ಜನರಿಗೆ ಹೇಳಿದ್ದೇನೆ. ಅವರ ಉತ್ತರ: “ಹೋಗಾಕೇನ್ ಹೋಗ್ತೀವ್ರಿ ಅಕ್ಕೋರೆ, ವಾಪಸ್ ಬರೋದ್ ಹ್ಯಾಂಗ್ರಿ?” ಮುಂಜಾನೆ ಟಂಟಂ ಸಿಗುತ್ತದೆ, ಸಂಜೆ ಸಿಗುವುದಿಲ್ಲ. ಡಾಕ್ಟರ್ ನೋಡಿ ರಕ್ತ ಪರೀಕ್ಷೆ ಬರೆದರೆ ರಿಪೋರ್ಟ್ ಬರುವ ಹೊತ್ತಿಗೆ ಕೊನೆಯ ಬಸ್ ಹೋಗಿರುತ್ತದೆ. 108 ಗಾಡಿ ದವಾಖಾನೆಗೆ ಬಿಡುತ್ತದೆ. ಜ್ವರ ಇಳಿದ ಮುದುಕನನ್ನು ಮನೆಗೆ ತಂದುಬಿಡುವವರು ಯಾರು? ಅವನ ಜೊತೆ ಬಂದ ಮಗನ ಎರಡು ದಿನದ ಕೂಲಿ ಹೋಯಿತು, ಅದನ್ನು ಯಾವ ಸಮೀಕ್ಷೆ ಬರೆದುಕೊಳ್ಳುತ್ತದೆ? ಇದೆಲ್ಲ ಸೇರಿಸಿ ನೋಡಿದರೆ, ಡಾಕ್ಟರ್ ಪದವಿ ಇಲ್ಲದೆಯೇ ಊರಲ್ಲೇ ಸಲೈನ್ ಹಚ್ಚಿ ಸೂಜಿ ಮಾಡುವ ಆರ್‌ಎಂಪಿ ಡಾಕ್ಟರ್ ಹತ್ತಿರ ಜನ ಯಾಕೆ ಹೋಗುತ್ತಾರೆ ಅಂತ ತಿಳಿಯುತ್ತದೆ. ಜನರಿಗೆ ತಿಳಿವಳಿಕೆ ಇಲ್ಲ ಅನ್ನುವ ಮಾತನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಅವರಿಗೆ ತಿಳಿವಳಿಕೆ ಇದೆ. ಅವರು ಲೆಕ್ಕ ಹಾಕಿಯೇ ಹೋಗುತ್ತಾರೆ.

ದೂರ ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ ಕೂಡ. ಬೇಸಿಗೆಯಲ್ಲಿ ಹತ್ತಿರ ಇದ್ದ ಪಿಎಚ್‌ಸಿ ಮಳೆಗಾಲದಲ್ಲಿ ದೂರ ಆಗುತ್ತದೆ. ಕರಿಮಣ್ಣಿನ ಹೊಲದ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಹಳ್ಳ ತುಂಬಿದರೆ ಆ ಕಡೆಯವರು ಆ ಕಡೆಯೇ. ನಾರಾಯಣಪುರ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯ ಜನ ದಡಕ್ಕೆ ಬರಲಾಗದೆ ನಡುಗಡ್ಡೆಯಲ್ಲೇ ಉಳಿದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ಊರಿನ ಸಮೀಕ್ಷೆಯನ್ನು ಜನವರಿಯಲ್ಲಿ ಮಾಡಿದರೆ ಏನು ಸಿಗುತ್ತದೆ? ಜುಲೈಯಲ್ಲಿ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕಾದದ್ದು ಗುಳೆ ಹೋದವರ ಬಗ್ಗೆ. ದೀಪಾವಳಿ ಆದ ಮೇಲೆ ನಮ್ಮ ಊರುಗಳಲ್ಲಿ, ಅದರಲ್ಲೂ ತಾಂಡಾಗಳಲ್ಲಿ, ಓಣಿಗೆ ಓಣಿಯೇ ಖಾಲಿ ಆಗುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಕಟ್ಟಡದ ಕೆಲಸ, ಕಬ್ಬು ಕಡಿಯುವ ಕೆಲಸ. ಮುದುಕರು, ಶಾಲೆಗೆ ಹೋಗುವ ಒಂದೆರಡು ಮಕ್ಕಳು ಊರಲ್ಲಿ ಉಳಿಯುತ್ತಾರೆ. ಉಳಿದ ಮನೆಗಳಿಗೆ ಬೀಗ. ಯಾವ ಸಮೀಕ್ಷೆಯವರು ಬಂದರೂ ಬೀಗ ಕಂಡರೆ ಇನ್ನೊಮ್ಮೆ ಬರುತ್ತಾರೆ, ಮತ್ತೊಮ್ಮೆ ಬರುತ್ತಾರೆ, ಆಮೇಲೆ ಆ ಮನೆ ಬಿಟ್ಟು ಮುಂದೆ ಹೋಗುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ, ಅವರಿಗೂ ದಿನಕ್ಕಿಷ್ಟು ಮನೆ ಅಂತ ಗುರಿ ಇರುತ್ತದೆ. ಆದರೆ ಚಿಕಿತ್ಸೆ ಸಿಗದವರು ಯಾರು ಅಂತ ಹುಡುಕುವ ಅಧ್ಯಯನ, ಚಿಕಿತ್ಸೆ ಅತ್ಯಂತ ಕಡಿಮೆ ಸಿಗುವವರನ್ನೇ ಬಿಟ್ಟು ಮುಗಿಯುತ್ತದೆ.

ಗುಳೆ ಹೋದ ಬಸುರಿಯ ಪಾಡು ನೋಡಿ. ಮೂರನೇ ತಿಂಗಳಿಗೆ ಇಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿರುತ್ತಾಳೆ. ನಾಲ್ಕನೇ ತಿಂಗಳಿಗೆ ಪುಣೆಯ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾಳೆ. ಅಲ್ಲಿಯ ಆಶಾಗೆ ಇವಳು ತನ್ನ ಏರಿಯಾದವಳಲ್ಲ. ಇಲ್ಲಿಯ ಆಶಾಗೆ ಇವಳು ಊರಲ್ಲಿಲ್ಲ. ಕಬ್ಬಿಣದ ಮಾತ್ರೆ ಇಲ್ಲ, ಸ್ಕ್ಯಾನಿಂಗ್ ಇಲ್ಲ, ಬಿಪಿ ನೋಡುವವರಿಲ್ಲ. ಒಂಬತ್ತು ತುಂಬಿದಾಗ ರೈಲಿನಲ್ಲಿ ಯಾದಗಿರಿಗೆ ಬಂದಿಳಿಯುತ್ತಾಳೆ. ರಕ್ತ ಕಡಿಮೆ, ಕಾಲಲ್ಲಿ ಬಾವು. ಆಗ ನಾವು ಅವಳನ್ನು ‘ಹೈ ರಿಸ್ಕ್’ ಅಂತ ಬರೆದುಕೊಳ್ಳುತ್ತೇವೆ. ಅವಳ ಮಗು ಕಡಿಮೆ ತೂಕದ್ದಾಗಿ ಹುಟ್ಟುತ್ತದೆ. ಎರಡು ವರ್ಷದ ಮೇಲೆ ಆ ಮಗು ಎತ್ತರ ಬೆಳೆಯದ ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಒಂದಾಗುತ್ತದೆ. ಈ ಪೂರ್ತಿ ಹಾದಿಯನ್ನು ಒಬ್ಬರೂ ಹಿಂಬಾಲಿಸಿ ನೋಡಿಲ್ಲದೆ ಅಂಗನವಾಡಿಗೆ ಇನ್ನೊಂದು ಮೊಟ್ಟೆ ಸೇರಿಸಿದರೆ ಎಷ್ಟು ಬದಲಾಗುತ್ತದೆ? ಮೊಟ್ಟೆ ಬೇಡ ಅನ್ನುತ್ತಿಲ್ಲ. ಮೊಟ್ಟೆ ಕೊಡಿ. ಆದರೆ ಆ ಮಗು ವರ್ಷದಲ್ಲಿ ಎಷ್ಟು ತಿಂಗಳು ನಮ್ಮ ಅಂಗನವಾಡಿಯಲ್ಲಿರುತ್ತದೆ ಅಂತಲೂ ತಿಳಿದುಕೊಳ್ಳಿ.

ಇಂಥ ಹುಡುಕಾಟದಿಂದ ಏನು ಸಿಗಬಹುದು ಅನ್ನುವುದಕ್ಕೆ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. ಮಂಗಳೂರು ಅಂತ ನಮ್ಮ ತಾಲ್ಲೂಕಿನಲ್ಲೂ ಒಂದು ಊರಿದೆ. ಹಿಂದೆ ಚಿನ್ನದ ಗಣಿ ಇದ್ದ ಜಾಗ ಅದು. ಅದರ ಸುತ್ತಲಿನ ಕಿರದಳ್ಳಿ ತಾಂಡಾದ ಕಡೆ ಜನರ ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಕಟ್ಟುತ್ತಿದ್ದವು, ಮೈಮೇಲೆ ಕಪ್ಪು ಚುಕ್ಕೆ ಏಳುತ್ತಿದ್ದವು. ಎಷ್ಟೋ ದಿನ ಅದು ಚರ್ಮರೋಗ ಅಂತಲೇ ನಡೆದಿತ್ತು. ಸಂಶೋಧಕರು ಬಂದು ನೀರು, ಮಣ್ಣು, ಜನರ ಕೂದಲು, ಉಗುರು ಎಲ್ಲ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ 59 ಕೊಳವೆಬಾವಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ವಿಷ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಹೆಚ್ಚಿತ್ತು. ತಪಾಸಣೆ ಮಾಡಿದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದಲ್ಲಿ ಅದರ ಗುರುತುಗಳಿದ್ದವು. ಕುಡಿಯುವ ನೀರೇ ವಿಷವಾಗಿತ್ತು. ತಾಲ್ಲೂಕಿನ ಅಂಕಿಯಲ್ಲಿ ಇದು ಎಲ್ಲಿ ಕಾಣುತ್ತದೆ ಹೇಳಿ? ಒಂದು ತಾಂಡಾದ ಒಳಗೆ ಕಾಲಿಟ್ಟು, ಮನೆ ಮನೆಗೆ ಹೋಗಿ ಕೈ ಹಿಡಿದು ನೋಡಿದ್ದಕ್ಕೆ ಅದು ಸಿಕ್ಕಿತು.

ತಾಂಡಾಗಳು ಬಹಳ ಕಾಲ ಕಂದಾಯ ದಾಖಲೆಯಲ್ಲೇ ಇರಲಿಲ್ಲ. ಪಕ್ಕದ ಊರಿನ ಲೆಕ್ಕದಲ್ಲಿ ಸೇರಿಹೋಗಿದ್ದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿಯವರು ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ತಾಂಡಾಗಳು ಕಂದಾಯ ಗ್ರಾಮ ಆಗುತ್ತಿವೆ. ಹಾಗಾದರೆ ಆರೋಗ್ಯದ ಲೆಕ್ಕದಲ್ಲೂ ಅವಕ್ಕೆ ಬೇರೆ ಸಾಲು ಕೊಡಿ. ಉಪಕೇಂದ್ರಕ್ಕೆ ಬುಡಕಟ್ಟು ಪ್ರದೇಶದ 3 ಸಾವಿರದ ನಿಯಮವನ್ನು ತಾಂಡಾಗಳಿಗೂ ಹಚ್ಚಿ.

ಅಧ್ಯಯನದಿಂದ ಬರೀ ದುಃಖದ ಸಂಗತಿಯೇ ಹೊರಬರುತ್ತದೆ ಅಂತ ತಿಳಿಯಬೇಡಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಬಿಪಿಎಲ್ ಕುಟುಂಬದವರಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ದುಡ್ಡಿಲ್ಲದೆ ಚಿಕಿತ್ಸೆ. ಯೋಜನೆ ಮೊದಲು ಉತ್ತರಕ್ಕೆ ಬಂತು, ದಕ್ಷಿಣಕ್ಕೆ ಹೋಗಲು ಎರಡು ವರ್ಷ ಹಿಡಿಯಿತು. ನೀರಜ್ ಸೂದ್ ಮತ್ತು ಸಂಗಡಿಗರು ಇದನ್ನೇ ಬಳಸಿಕೊಂಡರು. ಯೋಜನೆ ಬಂದ ಉತ್ತರದ ಅಂಚಿನ ಹಳ್ಳಿಗಳನ್ನೂ, ಇನ್ನೂ ಬಾರದ ದಕ್ಷಿಣದ ಅಂಚಿನ ಹಳ್ಳಿಗಳನ್ನೂ ಹೋಲಿಸಿದರು. ಒಟ್ಟು 572 ಹಳ್ಳಿಗಳು. ಯೋಜನೆಯಲ್ಲಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇಲ್ಲದ ಕಡೆಯ ಬಡ ಕುಟುಂಬಗಳಲ್ಲಿ ಶೇ 0.90, ಯೋಜನೆ ಇದ್ದ ಕಡೆ ಶೇ 0.32. ಅನುಕೂಲಸ್ಥ ಕುಟುಂಬಗಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ಯಾಕೆಂದರೆ ಅವರಿಗೆ ಯೋಜನೆ ಇರಲಿಲ್ಲ. 2014ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹಳ್ಳಿಗೇ ಬಂದು ಕ್ಯಾಂಪ್ ಮಾಡುತ್ತಿದ್ದರು. ಬೇಕಾದವರನ್ನು ಅಲ್ಲೇ ಆರಿಸಿ, ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಕಾರ್ಡ್ ಕೊಟ್ಟು ನೀವೇ ಹೋಗಿ ಅಂತ ಬಿಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅರ್ಧ ಪುಣ್ಯ ಆ ಕ್ಯಾಂಪಿನದು. ಈಗಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸೌಲಭ್ಯ ಇದೆ, ಮೊದಲಿಗಿಂತ ದೊಡ್ಡ ಯೋಜನೆ. ಆದರೆ ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದು ಅಂತ ಬರೆಸಿಕೊಂಡು ಮುಂದೆ ಹೋಗಬೇಕು. ಆ ಚೀಟಿಗಾಗಿ ಅಲೆದು ಅರ್ಧದಲ್ಲೇ ಮನೆಗೆ ಬಂದವರು ಎಷ್ಟು ಜನ? ಈ ಪ್ರಶ್ನೆಯನ್ನು ಬಿಲ್ ಪಾಸಾದವರ ಪಟ್ಟಿ ಉತ್ತರಿಸುವುದಿಲ್ಲ. ಹಳ್ಳಿಯಲ್ಲಿ ಕೇಳಬೇಕು.

ಗಡಿಯ ವಿಷಯವೂ ಹೀಗೆಯೇ. ಅಫಜಲಪುರ, ಆಳಂದದ ಜನ ಸೊಲ್ಲಾಪುರಕ್ಕೆ ಹೋಗುತ್ತಾರೆ. ಔರಾದಿನವರು ಉದಗೀರ್, ಲಾತೂರಿಗೆ. ಗುರುಮಠಕಲ್, ಸೇಡಂ ಕಡೆಯವರು ಹೈದರಾಬಾದಿಗೆ. ಅವರ ಕಾಯಿಲೆ ನಮ್ಮ ಪೋರ್ಟಲ್ಲಿನಲ್ಲಿಲ್ಲ, ಅವರ ಸಾಲ ನಮ್ಮ ಬಡ್ಡಿಯವರ ಹತ್ತಿರ ಇದೆ.

ಇನ್ನು ಮನೆಯೊಳಗಿನ ಮಾತು. ನಮ್ಮದೇ ವಿಭಾಗದ ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಅವರು ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಬಡತನದ ಜೊತೆಗೆ ಹೆಣ್ಣಾಗಿರುವುದೂ ಚಿಕಿತ್ಸೆಗೆ ಹೇಗೆ ಅಡ್ಡ ಬರುತ್ತದೆ ಅಂತ ಬರೆದಿದ್ದಾರೆ. ನಾನು ಕಂಡದ್ದೂ ಅದೇ. ಗಂಡಸಿಗೆ ಎದೆನೋವು ಬಂದರೆ ಎತ್ತು ಮಾರುತ್ತಾರೆ. ಹೆಂಗಸಿಗೆ ವರ್ಷದಿಂದ ಬಿಳಿ ಹೋಗುತ್ತಿದ್ದರೂ ತೊಗರಿ ರಾಶಿ ಆಗಲಿ ನೋಡೋಣ ಅನ್ನುತ್ತಾರೆ. ಅವಳೂ ಹಾಗೇ ಅನ್ನುತ್ತಾಳೆ. ಅದಕ್ಕೇ ಮನೆಯ ಯಜಮಾನನೊಬ್ಬನನ್ನೇ ಕೇಳಿ ಫಾರ್ಮ್ ತುಂಬುವ ಸಮೀಕ್ಷೆ ನಮಗೆ ಬೇಡ. ಹೆಣ್ಣುಮಕ್ಕಳನ್ನು ಬೇರೆಯಾಗಿ, ಅವರದೇ ಭಾಷೆಯಲ್ಲಿ ಕೇಳಬೇಕು. ತಾಂಡಾದಲ್ಲಿ ಲಂಬಾಣಿ, ಬೀದರಿನ ಊರುಗಳಲ್ಲಿ ಉರ್ದು, ಮರಾಠಿ, ಗಡಿಯಲ್ಲಿ ತೆಲುಗು ಬರುವವರು ಹೋಗಬೇಕು.

ಯಾರು ಮಾಡಬೇಕು ಅಂತ ಕೇಳುತ್ತೀರಿ. ದಯವಿಟ್ಟು ಆಶಾಗಳ ತಲೆಗೆ ಕಟ್ಟಬೇಡಿ. ಅವರ ಕೈಯಲ್ಲಿ ಈಗಾಗಲೇ ಇರುವ ಆ್ಯಪ್‌ಗಳು, ರಿಜಿಸ್ಟರ್‌ಗಳು ಸಾಕು. ಗೌರವಧನಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ರಸ್ತೆ ಮೇಲೆ ಮಲಗಬೇಕಾಯಿತು ಅವರು. ಈ ಕೆಲಸಕ್ಕೆ ತಕ್ಕವರು ನಿಮ್ಮ ಕಾಲೇಜುಗಳಲ್ಲೇ ಇದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ಎಂಬಿಬಿಎಸ್ ಸೇರಿದ ಪ್ರತಿ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತಗೊಂಡು ಅವರ ಆರೋಗ್ಯ ನೋಡಿಕೊಳ್ಳಬೇಕು. ಯಾದಗಿರಿ ಕಾಲೇಜಿನ ಮೊದಲ ಬ್ಯಾಚ್ ಶುರುವಾದದ್ದೂ 2022ರಲ್ಲೇ. ಅಲ್ಲಿ ವರ್ಷಕ್ಕೆ 150 ಸೀಟು. ತಲೆಗೆ ಮೂರೇ ಮನೆ ಅಂದರೂ ಒಂದು ಬ್ಯಾಚಿಗೆ 450 ಕುಟುಂಬ. ಕಲಬುರಗಿ, ಬೀದರ್ ಸೇರಿದರೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಅದೇ ಮನೆಗಳಿಗೆ ಹೋಗಿ ಬರುವ ಇಂಥ ಅವಕಾಶ ದೊಡ್ಡ ಸಂಶೋಧನಾ ಸಂಸ್ಥೆಗಳಿಗೂ ಸುಲಭಕ್ಕೆ ಸಿಗುವುದಿಲ್ಲ.

ಆದರೆ ಕಾಲೇಜಿಗೆ ಹತ್ತಿರ, ರಸ್ತೆ ಪಕ್ಕ, ಬಸ್ ನಿಲ್ಲುವ ಊರನ್ನೇ ಆರಿಸಿಕೊಂಡರೆ ಏನೂ ಸಿಗುವುದಿಲ್ಲ. ವೇಲ್ಸ್‌ನ ಗಣಿ ಕಾರ್ಮಿಕರ ಊರಿನಲ್ಲಿ ಡಾಕ್ಟರ್ ಆಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು, ಎಲ್ಲಿ ಚಿಕಿತ್ಸೆಯ ಅಗತ್ಯ ಹೆಚ್ಚೋ ಅಲ್ಲಿಯೇ ಅದು ಕಡಿಮೆ ಸಿಗುತ್ತದೆ ಅಂತ. ನಮ್ಮ ಪಿಎಚ್‌ಸಿಗೆ ಬಂದಿದ್ದ ಒಬ್ಬ ಯುವ ಡಾಕ್ಟರ್ ನನಗೆ ಇದನ್ನು ಹೇಳಿಕೊಟ್ಟರು. ಸಂಶೋಧನೆಗೂ ಈ ಮಾತು ಹೊಂದುತ್ತದೆ. ಹಾಗಾಗಿ ಕೊನೆಯ ತಾಂಡಾದಿಂದ ಶುರು ಮಾಡಿ. ವಿದ್ಯಾರ್ಥಿಗಳಿಗೆ ಗಾಡಿ ಕೊಡಿ, ಊಟ ಕೊಡಿ, ಜೊತೆಗೆ ಅನುಭವ ಇರುವ ಒಬ್ಬ ಶಿಕ್ಷಕರನ್ನು ಕಳಿಸಿ. ಇದಕ್ಕೆ ಬೇಕಾಗುವ ದುಡ್ಡು ಮಂಡಳಿಗೆ ದೊಡ್ಡದಲ್ಲ.

ಮಂಡಳಿಯವರಿಗೆ ಒಂದು ಮಾತು. ನೀವು ಕಟ್ಟಡಗಳನ್ನು ಕಟ್ಟಿದ್ದೀರಿ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆ ಆದಾಗ ನಾವೆಲ್ಲ ಹೆಮ್ಮೆ ಪಟ್ಟೆವು. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಬಂದಿದೆ. ಇವು ಜೀವ ಉಳಿಸುವ ಕೆಲಸಗಳು. ಈಗ ತಿಳಿಯಬೇಕಾದದ್ದು ಇಷ್ಟು: ಎದೆನೋವಿನಿಂದ ಮನೆಯಲ್ಲೇ ಸತ್ತವರಲ್ಲಿ ಎಷ್ಟು ಜನರಿಗೆ ಆ ಇಂಜೆಕ್ಷನ್ ಸಿಗುತ್ತದೆ ಅಂತ ಗೊತ್ತಿತ್ತು? ಗೊತ್ತಿದ್ದವರು ಹೊರಟಾಗ ಗಾಡಿ ಸಿಕ್ಕಿತೇ? ಕಟ್ಟಡಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ಈ ಪ್ರಶ್ನೆಗಳಿಗೆ ಇಡಿ. ಅರಿವಳಿಕೆ ಡಾಕ್ಟರ್ ಇಲ್ಲದ ಊರಲ್ಲಿ ಇನ್ನೊಂದು ಆಪರೇಷನ್ ಥಿಯೇಟರ್ ಕಟ್ಟುವ ಮೊದಲು ಆ ಉತ್ತರಗಳನ್ನು ನೋಡಿ.

ಉತ್ತರಗಳು ಊರಿಗೆ ವಾಪಸ್ ಬರಬೇಕು ಅನ್ನುವುದನ್ನು ಮಾತ್ರ ಬಿಡಬೇಡಿ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ನಡೆಯಬೇಕು ಅಂತ ಕಾನೂನೇ ಇದೆ. ಅದರಲ್ಲಿ ಒಂದು ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಹೆಸರು ಹೇಳದೆ, ಯಾರಿಗೂ ಅವಮಾನ ಆಗದಂತೆ ಓದಿ. ಈ ವರ್ಷ ನಮ್ಮ ಊರಲ್ಲಿ ಇಷ್ಟು ಜನಕ್ಕೆ ಚಿಕಿತ್ಸೆ ಸಿಗಲಿಲ್ಲ, ಇಷ್ಟು ಜನಕ್ಕೆ ಗಾಡಿ ಇಲ್ಲದೆ, ಇಷ್ಟು ಜನಕ್ಕೆ ಡಾಕ್ಟರ್ ಇಲ್ಲದೆ, ಇಷ್ಟು ಜನಕ್ಕೆ ದುಡ್ಡಿಲ್ಲದೆ, ಇಷ್ಟು ಜನಕ್ಕೆ ಚೀಟಿ ಸಿಗದೆ. ಊರಿನವರು ಅದರಲ್ಲಿ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಸಂಜೆ ಬಸ್ಸು ಬೇಕೋ, ಹೆರಿಗೆ ಡಾಕ್ಟರ್ ಬೇಕೋ, ನೀರಿನ ಪರೀಕ್ಷೆ ಬೇಕೋ ಅಂತ ಅವರೇ ಹೇಳುತ್ತಾರೆ. ತಾಯಿ ಮರಣದ ಪರಿಶೀಲನೆಯಲ್ಲಿ ಕಂಡ ಕಾರಣಗಳನ್ನೂ ತಾಲ್ಲೂಕುವಾರು ಪ್ರಕಟಿಸಿ.

ಗುಳೆ ಹೋದವರಿಗಾಗಿ ಬೇರೆಯದೇ ಏರ್ಪಾಡು ಬೇಕು. ಯುಗಾದಿಗೆ, ಜಾತ್ರೆಗೆ ಎಲ್ಲರೂ ಊರಿಗೆ ಬರುತ್ತಾರೆ. ಬೀಗ ಹಾಕಿದ್ದ ಮನೆಗಳ ಪಟ್ಟಿ ಇಟ್ಟುಕೊಂಡು ಆ ವಾರ ಅಲ್ಲಿಗೆ ಮತ್ತೆ ಹೋಗಿ. ಊರಲ್ಲಿರುವ ಮುದುಕರ ಹತ್ತಿರ ಮಗ ಸೊಸೆಯ ಫೋನ್ ನಂಬರ್ ಇರುತ್ತದೆ, ಕೇಳಿದರೆ ಮಾತಾಡಿಸುತ್ತಾರೆ. ಪುಣೆ, ಹೈದರಾಬಾದಿನ ಆರೋಗ್ಯ ಇಲಾಖೆಯವರ ಜೊತೆ ಒಂದು ಪತ್ರ ವ್ಯವಹಾರ ಶುರು ಮಾಡಿ. ತಾಯಿ ಕಾರ್ಡ್ ತೋರಿಸಿದ ಬಸುರಿಗೆ ಯಾವ ರಾಜ್ಯದವಳು ಅಂತ ಕೇಳದೆ ತಪಾಸಣೆ ಮಾಡುವ ಹಾಗೆ ಆಗಲಿ.

ಬರುವ ಯುಗಾದಿಯ ಹೊತ್ತಿಗೆ ಮೂರು ಜಿಲ್ಲೆಗಳಲ್ಲಿ ತಲಾ ಒಂದು ಹೋಬಳಿಯಲ್ಲಾದರೂ ಇದು ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ. ಸುರಪುರದ ಕಡೆ ಮಾಡುವುದಾದರೆ ಯಾವ ತಾಂಡಾಕ್ಕೆ ಯಾವ ತಿಂಗಳು ದಾರಿ ಇರುತ್ತದೆ, ಯಾರ ಮನೆಯವರು ಎಲ್ಲಿಗೆ ಗುಳೆ ಹೋಗಿದ್ದಾರೆ ಅಂತ ಹೇಳಬಲ್ಲ ಎಎನ್‌ಎಂಗಳು, ಆಶಾಗಳು ಬೇಕಾದಷ್ಟು ಇದ್ದೇವೆ. ನಿವೃತ್ತರಾದವರು ಸಂಬಳ ಇಲ್ಲದೆಯೂ ಬರುತ್ತೇವೆ. ನಿಮ್ಮ ಉತ್ತರವನ್ನೂ ದಯವಿಟ್ಟು ಬಹಿರಂಗವಾಗಿಯೇ ಕೊಡಿ.

ಇಂತಿ,
ಒಬ್ಬ ನಿವೃತ್ತ ಎಎನ್‌ಎಂ
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ